ಬೆಳಗುವ ಲಂಗ ಹೊಲಿಯುವ ಬಗೆ: ದೀಪ ಬೇರೆ, ಬಟ್ಟೆ ಬೇರೆ

ನಾನು ಹೊಲಿದ ಮೊದಲ ದೀಪದ ಲಂಗ ವೇದಿಕೆಯ ಮೇಲೆ ಬೆಳಗಿದ್ದು ಬರೀ ಅರ್ಧ ನಿಮಿಷ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರ ದೀಪಾವಳಿ ಕಾರ್ಯಕ್ರಮ. ಹಾಲ್‌ನ ದೀಪ ಆರಿಸಿದರು, ಹುಡುಗಿ ಬಂದಳು, ಲಂಗ ಹೊಳೆಯಿತು, ಜನ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ಲಂಗ ಆರಿತು. ಉಳಿದ ಮೂರು ನಿಮಿಷ ಕತ್ತಲಲ್ಲಿ ಗೆಜ್ಜೆ ಸದ್ದು ಮಾತ್ರ. ಪಾಪ, ಮಗು ನಿಲ್ಲಿಸದೆ ಕುಣಿದಳು. ಕೆಳಗೆ ಬಂದ ಮೇಲೆ ಅವಳ ಅಮ್ಮ, "ಅಕ್ಕಾ, ಸೆಲ್ ಹಾಕಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದರು. ಹಾಕಿದ್ದೆ. ಪೂರ್ತಿ ಚಾರ್ಜ್ ಆದ ಪವರ್ ಬ್ಯಾಂಕ್ ಸೊಂಟದಲ್ಲೇ ಇತ್ತು. ಮತ್ತೆ ಯಾಕೆ ಆರಿತು ಅನ್ನುವುದನ್ನು ಪವರ್ ಬ್ಯಾಂಕಿನ ಮಾತು ಬಂದಾಗ ಹೇಳುತ್ತೇನೆ.

ಅದಾದ ಮೇಲೆ ಇಂಥ ಉಡುಪುಗಳನ್ನು ಬೇಕಾದಷ್ಟು ಹೊಲಿದಿದ್ದೇನೆ, ಬಿಚ್ಚಿದ್ದೇನೆ. ಬಿಚ್ಚಿದ್ದೇ ಜಾಸ್ತಿ. ಈಗ ನನ್ನದು ಒಂದೇ ಹಠ: ದೀಪವನ್ನು ಮೇಲಿನ ಬಟ್ಟೆಗೆ ಹೊಲಿಯುವುದಿಲ್ಲ. ಕಳಚಿ ತೆಗೆಯಲು ಬರುವ ಬೇರೊಂದು ಪದರಕ್ಕೆ ಹೊಲಿಯುತ್ತೇನೆ. ಮುಂಬೈಯ ಬೆವರು ನಿಮಗೆ ಗೊತ್ತಲ್ಲ. ಒಂದು ರಿಹರ್ಸಲ್ ಮುಗಿದರೆ ಲಂಗ ಒಗೆಯಲೇಬೇಕು. ವೈರ್ ಸಮೇತ ಒಗೆಯುವುದು ಹೇಗೆ? ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ಒಂದು ಎಳೆ ತುಂಡಾದರೆ, ಕಸೂತಿ ಮಾಡಿದ ಬಟ್ಟೆಯನ್ನು ಕತ್ತರಿಸುತ್ತೀರಾ?

ಈ ತಲೆನೋವು ಹಳೆಯದು. 1883ರಲ್ಲಿ ನ್ಯೂಯಾರ್ಕಿನ ಒಂದು ನೃತ್ಯಕೂಟಕ್ಕೆ ಸಿರಿವಂತ ಮನೆತನದ ಆಲಿಸ್ ವ್ಯಾಂಡರ್‌ಬಿಲ್ಟ್ 'ವಿದ್ಯುತ್ ದೀಪ'ದ ವೇಷ ಹಾಕಿ ಬಂದಿದ್ದರು. ಕೈಯಲ್ಲಿ ಉರಿಯುವ ದೀಪ, ಬ್ಯಾಟರಿ ಉಡುಪಿನೊಳಗೆ. 1956ರಲ್ಲಿ ಜಪಾನಿನ ಕಲಾವಿದೆ ಅತ್ಸುಕೋ ತನಾಕಾ ಬಣ್ಣದ ಬಲ್ಬು, ಟ್ಯೂಬುಗಳದ್ದೇ ಒಂದು ಉಡುಪು ಮಾಡಿ ತಾವೇ ತೊಟ್ಟರು. ನಮ್ಮ ಮುಂಬೈಯವರಿಗೆ 1981ರ 'ಯಾರಾನಾ'ದಲ್ಲಿ ಅಮಿತಾಭ್ ಬಚ್ಚನ್ ತೊಟ್ಟ ಬಲ್ಬಿನ ಉಡುಪು ಹೇಳದೆಯೇ ನೆನಪಾಗುತ್ತದೆ. 2016ರಲ್ಲಿ ನ್ಯೂಯಾರ್ಕಿನ ಫ್ಯಾಷನ್ ಸಮಾರಂಭವಾದ ಮೆಟ್ ಗಾಲಾದಲ್ಲಿ ನಟಿ ಕ್ಲೇರ್ ಡೇನ್ಸ್ ತೊಟ್ಟ, ಝ್ಯಾಕ್ ಪೋಸೆನ್ ವಿನ್ಯಾಸದ ಗೌನಿನ ಒಳಗೆ 30 ಪುಟ್ಟ ಬ್ಯಾಟರಿ ಪ್ಯಾಕ್‌ಗಳಿದ್ದವು. ನೋಡುವವರಿಗೆ ಬೆಳಕು ಕಾಣುತ್ತದೆ. ಹೊಲಿಯುವವರಿಗೆ ಮಾತ್ರ ಬ್ಯಾಟರಿ ಎಲ್ಲಿಡಲಿ ಅನ್ನುವ ಚಿಂತೆ.

ಯಾವುದರಿಂದ ಬೆಳಕು?

ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಎಲ್ಲವನ್ನೂ 'ಗ್ಲೋ' ಎಂದೇ ಮಾರುತ್ತಾರೆ. ಮೊದಲು ಬೇಡದ್ದನ್ನು ಪಕ್ಕಕ್ಕಿಡೋಣ. ನಾವು 'ರೇಡಿಯಂ' ಎಂದು ಕರೆಯುವ ಗಾಡಿ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲವೇ ಇಲ್ಲ. ಬಿದ್ದ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಟೇಪ್ ಅದು, ಕತ್ತಲ ವೇದಿಕೆಯಲ್ಲಿ ಸತ್ತಂತೆ ಇರುತ್ತದೆ. (ನಿಜವಾದ ರೇಡಿಯಂ ಬೇಕೆಂದು ಅದನ್ನು ಕಂಡುಹಿಡಿದ ಕ್ಯೂರಿ ದಂಪತಿಗೆ ಪತ್ರ ಬರೆದವರೂ ಇದ್ದಾರೆ. ನರ್ತಕಿ ಲೊಯಿ ಫುಲ್ಲರ್‌ಗೆ ಹೊಳೆಯುವ ಚಿಟ್ಟೆ ರೆಕ್ಕೆ ಬೇಕಿತ್ತಂತೆ. ಸದ್ಯ, ಆಗಲಿಲ್ಲ.) ಬೆಳಕು ಕುಡಿದು ಆಮೇಲೆ ಹಸಿರಾಗಿ ಮಿನುಗುವ ನೂಲೂ ಸಿಗುತ್ತದೆ. ಅದು ಬೇಗ ಮಂಕಾಗುತ್ತದೆ, ಮುಖವಾಡದ ಕಣ್ಣಿಗೆ ಸಾಕು.

ಇಎಲ್ ವೈರ್ ಎಂಬುದು ಬೆಳಗುವ ಹಗ್ಗದಂತೆ ಇರುತ್ತದೆ. ತಾಮ್ರದ ತಂತಿಯ ಮೇಲೆ ಸತು ಸಲ್ಫೈಡಿನ ಲೇಪ, ಅದರ ಸುತ್ತ ಕೂದಲಿನಂಥ ಎರಡು ತಂತಿ, ಮೇಲೆ ಪ್ಲಾಸ್ಟಿಕ್. ರೆಕ್ಕೆಯ ಅಂಚು, ಕಿರೀಟದ ಗೆರೆ ಎಳೆಯಲು ಚೆನ್ನ. ಆದರೆ ಸಣ್ಣ ಸೆಲ್ಲಿನ ಕರೆಂಟನ್ನು ಸುಮಾರು 100 ವೋಲ್ಟ್ ಎಸಿಗೆ ಏರಿಸುವ ಡಬ್ಬಿ ಬೇಕು, ಅದು ಸೊಳ್ಳೆಯಂತೆ ಗುಂಯ್‌ಗುಡುತ್ತದೆ. ಪ್ಲಾಸ್ಟಿಕ್ ಹರಿದ ಜಾಗ ಬೆವರಿದ ಮೈಗೆ ತಾಗಿದರೆ ಚುರುಕ್ ಎನ್ನುತ್ತದೆ. ಮಕ್ಕಳ ಉಡುಪಿಗೆ ನಾನು ಹಾಕುವುದಿಲ್ಲ.

ಉಳಿದದ್ದು ಎರಡು: ಎಲ್‌ಇಡಿ ಮತ್ತು ಆಪ್ಟಿಕಲ್ ಫೈಬರ್ ಬಟ್ಟೆ. ಮೊದಲ ಸಲ ಮಾಡುವವರು ಎಲ್‌ಇಡಿಯಿಂದ ಶುರು ಮಾಡಿ. ಅದರಲ್ಲೂ ಹಬ್ಬಕ್ಕೆ ಕಿಟಕಿಗೆ ಕಟ್ಟುವ ತಾಮ್ರದ ತಂತಿಯ ಫೇರಿ ಲೈಟ್. ತೆಳ್ಳಗಿದೆ, ಅಗ್ಗ, 5 ವೋಲ್ಟ್ ಯುಎಸ್‌ಬಿಯಲ್ಲಿ ಉರಿಯುತ್ತದೆ. ಗೋಡೆಯ ಪ್ಲಗ್ಗಿಗೆ ಹಾಕುವ ಸೀರಿಯಲ್ ಸೆಟ್ ಮಾತ್ರ ಯಾವ ಕಾರಣಕ್ಕೂ ಮೈಮೇಲೆ ಬೇಡ.

ಬಟ್ಟೆ ತರುವಾಗ ಮೊಬೈಲ್ ಟಾರ್ಚ್ ಹಿಡಿಯಿರಿ

ಬಟ್ಟೆಗೆ ನಾನು ಹೋಗುವುದು ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಳದಾಸ್ ಮಾರ್ಕೆಟ್ಟಿಗೆ. ಲೇಸು, ಗೋಟಾ, ಟಿಚ್ ಬಟನ್ನಿಗೆ ಅಲ್ಲಿಂದ ನಡೆದೇ ಭುಲೇಶ್ವರ. ಫೇರಿ ಲೈಟಿಗೆ ಪಕ್ಕದ ಲೋಹಾರ್ ಚಾಳ್. ವೈರು, ಸ್ವಿಚ್ಚು, ಮಲ್ಟಿಮೀಟರ್, ಬೆಸುಗೆಯ ಸಾಮಾನಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನ ಲ್ಯಾಮಿಂಗ್ಟನ್ ರೋಡ್. ಭಾನುವಾರ ರಜೆ ಸಿಕ್ಕಿತೆಂದು ಹೊರಡಬೇಡಿ, ಮಂಗಳದಾಸ್ ಮುಚ್ಚಿರುತ್ತದೆ.

ಥಾನ್ (ಬಟ್ಟೆಯ ಸುರುಳಿ) ಬಿಚ್ಚಿಸಿದಾಗ ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಮೊದಲು ತಾಗಿಸಿ, ಆಮೇಲೆ ಎರಡು ಬೆರಳು ದೂರದಿಂದ, ಆಮೇಲೆ ಗೇಣು ದೂರದಿಂದ. ತಾಗಿಸಿದಾಗ ಬರೀ ಬಿಳಿ ಚುಕ್ಕೆ ಕಾಣುತ್ತದೆ. ಎರಡು ಬೆರಳು ಸರಿಸಿದರೆ ಅದೇ ಚುಕ್ಕೆ ಹರಡಿ ಹಣತೆಯಂತಾಗುತ್ತದೆ. ಆ ಎರಡು ಬೆರಳಿನ ಅಂತರವೇ ಈ ಇಡೀ ಕೆಲಸದ ಗುಟ್ಟು. ಅಂತರ ಇಲ್ಲದ ಲಂಗ ಗಣಪತಿ ಪೆಂಡಾಲಿನ ಹಾಗೆ ಕಾಣುತ್ತದೆ.

ಆರ್ಗನ್ಜಾ (ಗರಿಗರಿಯಾದ ಪಾರದರ್ಶಕ ಬಟ್ಟೆ) ಮತ್ತು ಟಿಶ್ಯೂ (ಹೊಳೆಯುವ ನೂಲಿನ ತೆಳು ಬಟ್ಟೆ) ಬೆಳಕನ್ನು ಚೆನ್ನಾಗಿ ಬಿಡುತ್ತವೆ. ದಪ್ಪ ಸ್ಯಾಟಿನ್, ವೆಲ್ವೆಟ್, ರೇಷ್ಮೆಯ ಅಗಲ ಅಂಚು ಬಿಡುವುದಿಲ್ಲ. ಬಣ್ಣದ ಲೆಕ್ಕವನ್ನೂ ಅಲ್ಲೇ ನೋಡಿಕೊಳ್ಳಿ. ಬಟ್ಟೆ ತನ್ನ ಬಣ್ಣದ ಬೆಳಕನ್ನಷ್ಟೇ ಹೊರಗೆ ಬಿಡುತ್ತದೆ. ಕೆಂಪು ಬಟ್ಟೆಯ ಹಿಂದೆ ನೀಲಿ ದೀಪ ಇಟ್ಟರೆ ಕೊಳಕು ಬಣ್ಣ ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಹಳದಿ ಛಾಯೆಯ ಬಿಳಿ ದೀಪ, ಮೇಲೆ ಬಂಗಾರದ ಬಣ್ಣದ ಟಿಶ್ಯೂ, ಈ ಜೋಡಿ ನನಗೆ ಇನ್ನೂ ಕೈಕೊಟ್ಟಿಲ್ಲ.

ಜರಿಯ ಬಗ್ಗೆ ಒಂದು ಎಚ್ಚರ. ಅಸಲಿ ಜರಿ ಅಂದರೆ ಲೋಹ, ಅದರಲ್ಲಿ ಕರೆಂಟ್ ಹರಿಯುತ್ತದೆ. ಬರಿಯ ಜಾಯಿಂಟು ಜರಿಗೆ ತಾಗಿದರೆ ಶಾರ್ಟ್. ಹೊಳೆಯುವ ನೂಲು ಕಂಡಲ್ಲೆಲ್ಲ ಅದು ಲೋಹವೇ ಎಂದುಕೊಂಡು ಜಾಯಿಂಟುಗಳನ್ನು ಮುಚ್ಚಿಬಿಡಿ.

ಮೂರು ಪದರದ ಲಂಗ

ಸುಮಾರು 90 ಸೆಂ.ಮೀ. ಉದ್ದ, ಕೆಳಗೆ ಮೂರೂವರೆ ಮೀಟರ್ ಘೇರು (ಸುತ್ತಳತೆ) ಇರುವ ಲಂಗ ಎಂದಿಟ್ಟುಕೊಳ್ಳಿ. ಮೈಗೆ ತಾಗುವುದು ತೆಳು ಹತ್ತಿಯ ಒಳಲಂಗ. ನಡುವೆ ದೀಪದ ಲಂಗ. ಮೇಲೆ ಆರ್ಗನ್ಜಾ ಅಥವಾ ಟಿಶ್ಯೂ. ಮೂರಕ್ಕೂ ಬೇರೆ ಬೇರೆ ಸೊಂಟಪಟ್ಟಿ. ಒಳಲಂಗಕ್ಕೆ ಲಾಡಿ ಸಾಕು. ದೀಪದ ಲಂಗವನ್ನು ಅದಕ್ಕೆ ಏಳೆಂಟು ಟಿಚ್ ಬಟನ್ನಿನಿಂದ ಸಿಕ್ಕಿಸಿ. ವೆಲ್ಕ್ರೋ ಬೇಡ, ನೆಟ್ಟಿಗೆ ಅಂಟಿಕೊಂಡು ಹರಿಯುತ್ತದೆ.

ಹೊಲಿಯುವ ಮೊದಲೇ ಫೇರಿ ಲೈಟನ್ನು ಒಂದು ಗಂಟೆ ಉರಿಸಿ ನೋಡಿ. ಹೊಲಿದಾದ ಮೇಲೆ ಒಂದು ದೀಪ ಸತ್ತಿದೆ ಎಂದು ಗೊತ್ತಾದರೆ ಅಳು ಬರುತ್ತದೆ.

ದೀಪದ ಲಂಗವನ್ನು ಮೆತ್ತನೆಯ ನೆಟ್ಟಿನಲ್ಲಿ, ನೆರಿಗೆ ಕಮ್ಮಿ ಇಟ್ಟು ಕತ್ತರಿಸಿ. ಮೇಜಿನ ಮೇಲೆ ಹರಡಿ, ಸೊಂಟದಿಂದ ಕೆಳಕ್ಕೆ ಚಾಕ್‌ನಿಂದ 20 ಗೆರೆ ಎಳೆಯಿರಿ. ಕೆಳಗೆ ಗೆರೆಗಳ ನಡುವೆ ಸುಮಾರು 17 ಸೆಂ.ಮೀ. ಬರುತ್ತದೆ, ಮೇಲೆ ಮೂರ್ನಾಲ್ಕು ಸೆಂ.ಮೀ. ಮಾತ್ರ. 10 ಮೀಟರಿನ ಒಂದು ವೈರ್ ಮೇಲೆ ಕೆಳಗೆ ಹಾವಿನಂತೆ ಹಾಯಿಸಿದರೆ ಹತ್ತು ಗೆರೆಗೆ ಸಾಕು, ಹಾಗಾಗಿ ಎರಡು ವೈರ್ ಬೇಕು. ಎರಡರ ಬಾಲವೂ ಸೊಂಟದಲ್ಲಿ ಒಂದೇ ಕಡೆ, ಬಲ ಅಥವಾ ಎಡ ಸೊಂಟದ ಮೇಲೆ ಹೊರಬರಲಿ. ಬೆನ್ನ ನಡುವೆ ಬೇಡ. ಕುಣಿತದಲ್ಲಿ ಉರುಳುವುದಿದ್ದರೆ ಬ್ಯಾಟರಿ ಬೆನ್ನುಮೂಳೆಗೆ ಒತ್ತುತ್ತದೆ. ಕೆಳಗೆ ಲಂಗದ ಅಂಚಿಗಿಂತ ನಾಲ್ಕು ಬೆರಳು ಮೇಲೆಯೇ ವೈರ್ ತಿರುಗಲಿ, ಗೆಜ್ಜೆಗೆ ಸಿಕ್ಕರೆ ಮುಗಿಯಿತು.

ಈಗ ಹೊಲಿಗೆ. ವೈರನ್ನು ಗೆರೆಯ ಮೇಲಿಟ್ಟು, ಐದು ಸೆಂ.ಮೀ.ಗೊಮ್ಮೆ ಸಣ್ಣ ನೈಲಾನ್ ನೂಲಿನಿಂದ ಅದರ ಮೇಲಿಂದ ಹಾಯಿಸಿ ಕಟ್ಟಿ. ಹೂವಿನ ದಂಡೆ ಕಟ್ಟುವ ಹಾಗೆ, ಆದರೆ ಅಷ್ಟು ಬಿಗಿ ಬೇಡ. ಗಂಟಿನೊಳಗೆ ವೈರ್ ಆಚೀಚೆ ಜಾರುವಂತಿರಬೇಕು. ತಾಮ್ರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ ಇದೆ. ಸೂಜಿ ಮೊನೆ ಗೀಚಿದರೆ ಲೇಪ ಹೋಗುತ್ತದೆ, ಪಕ್ಕದ ತಂತಿಗೆ ತಾಗಿ ಶಾರ್ಟ್ ಆಗುತ್ತದೆ. ಅದಕ್ಕೇ ಮೊಂಡು ಮೊನೆಯ ಸೂಜಿ ಇಟ್ಟುಕೊಂಡಿದ್ದೇನೆ. ಮಷಿನ್ ಹೊಲಿಗೆ ಆಲೋಚನೆಯೇ ಬೇಡ.

ತಿರುವುಗಳಲ್ಲಿ ವೈರನ್ನು ಮಡಚದೆ ಬಳೆಯ ಹಾಗೆ ಬಳುಕಿಸಿ. ಮೊಣಕಾಲಿನ ಎತ್ತರದಲ್ಲಿ ಒಂದೆರಡು ಸೆಂ.ಮೀ. ಸಡಿಲ ಬಿಡಿ. ನನ್ನ ವೈರುಗಳು ಅತಿ ಹೆಚ್ಚು ತುಂಡಾದದ್ದು ಎರಡೇ ಕಡೆ: ಮೊಣಕಾಲಿನ ಮಟ್ಟ, ಮತ್ತು ಯುಎಸ್‌ಬಿ ಕೇಬಲ್ ತಾಮ್ರದ ತಂತಿಗೆ ಸೇರುವ ಜಾಗ. ಎರಡನೆಯದಕ್ಕೆ ಮದ್ದು ಸುಲಭ. ಜಾಯಿಂಟಿನ ಎರಡೂ ಬದಿಯ ಐದು ಸೆಂ.ಮೀ. ವೈರನ್ನು ಒಂದು ತುಂಡು ಬಕ್ರಮ್ಮಿಗೆ (ಕಾಲರಿನೊಳಗೆ ಹಾಕುವ ಬಿರುಸು ಬಟ್ಟೆ) ಗಟ್ಟಿಯಾಗಿ ಹೊಲಿದು, ಆ ಬಕ್ರಮ್ಮನ್ನು ಸೊಂಟಪಟ್ಟಿಗೆ ಹೊಲಿಯಿರಿ. ಎಳೆತ ಬಿದ್ದರೆ ಬಟ್ಟೆಗೆ ಬೀಳಲಿ, ಜಾಯಿಂಟಿಗೆ ಬೀಳಬಾರದು.

ದೀಪಕ್ಕೂ ಮೇಲಿನ ಬಟ್ಟೆಗೂ ಎರಡು ಬೆರಳಿನ ಅಂತರ ಬೇಕೆಂದೆನಲ್ಲ, ಅದನ್ನು ತರುವುದು ಕ್ಯಾನ್‌ಕ್ಯಾನ್. ಗಾಗ್ರಾ ಉಬ್ಬಲು ಒಳಗೆ ಹಾಕುವ ಆ ಗಟ್ಟಿ ನೆಟ್ಟನ್ನು ದೀಪದ ಲಂಗದ ಹೊರಮೈಗೆ ಮೂರು ಸಾಲು ಝಾಲರಾಗಿ ಹೊಲಿಯಿರಿ. ಒಳಗೆ ಹಾಕಿದರೆ ಲಂಗ ಉಬ್ಬುತ್ತದೆ, ದೀಪ ಮಾತ್ರ ಮೇಲಿನ ಬಟ್ಟೆಗೆ ಅಂಟಿಯೇ ಇರುತ್ತದೆ. ಈ ತಪ್ಪು ನಾನು ಎರಡು ಲಂಗದಲ್ಲಿ ಮಾಡಿದೆ.

ಆ ಅರ್ಧ ನಿಮಿಷದ ಕಥೆ

ಪವರ್ ಬ್ಯಾಂಕ್ ಇರುವುದು ಫೋನ್ ಚಾರ್ಜ್ ಮಾಡಲಿಕ್ಕೆ. ಫೋನ್ ತುಂಬಿದ ಮೇಲೆ ಕರೆಂಟ್ ಎಳೆಯುವುದು ಕಮ್ಮಿಯಾಗುತ್ತದೆ, ಆಗ ಅದು ತಾನಾಗಿ ಆಫ್ ಆಗುತ್ತದೆ. ನನ್ನ ಮೊದಲ ಲಂಗದಲ್ಲಿ ಇದ್ದದ್ದು ಬೆರಳೆಣಿಕೆಯ ದೀಪ. ಇಷ್ಟು ಕಮ್ಮಿ ಕರೆಂಟ್ ಎಳೆಯುತ್ತಿದೆ ಎಂದರೆ ಫೋನ್ ತುಂಬಿದೆ ಎಂದುಕೊಂಡು ಅದು ಮಲಗಿಬಿಟ್ಟಿತು. ದೀಪದಲ್ಲಿ ತಪ್ಪಿರಲಿಲ್ಲ, ದೀಪ ಕಮ್ಮಿಯಾದದ್ದೇ ತಪ್ಪು!

ಕೊಳ್ಳುವಾಗ ಇಯರ್‌ಬಡ್‌ನಂಥ ಸಣ್ಣ ಸಾಧನಗಳಿಗೆ ಕಮ್ಮಿ ಕರೆಂಟ್ ಕೊಡುವ ಮೋಡ್ ಇದೆಯಾ ಎಂದು ಕೇಳಿ. ಇದ್ದರೂ ಮನೆಯಲ್ಲಿ ಪೂರ್ತಿ ಅರ್ಧ ಗಂಟೆ ಉರಿಸಿ ನೋಡದೆ ನಂಬಬೇಡಿ. ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕಕ್ಕೆ, 10,000 ಎಂಎಎಚ್ ಎಂದು ಬರೆದದ್ದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ. 5 ವೋಲ್ಟಿಗೆ ಏರಿಸುವಾಗ ಒಂದಷ್ಟು ಸೋರಿ, ಕೈಗೆ ಸಿಗುವುದು ಸುಮಾರು 6,000. ಲಂಗ ಅರ್ಧ ಆಂಪಿಯರ್ ಎಳೆದರೂ ಹತ್ತು ಗಂಟೆ ದಾಟುತ್ತದೆ. ಹಾಗಾಗಿ ಮಕ್ಕಳಿಗೆ 5,000ದ ಚಿಕ್ಕದೇ ಸಾಕು, ಭಾರವೂ ಕಮ್ಮಿ.

ಪವರ್ ಬ್ಯಾಂಕ್ ಬೇಡವೆನ್ನುವವರಿಗೆ ಮೂರು ಎಎ ಸೆಲ್ಲಿನ ಡಬ್ಬಿ ಇದೆ. ಹೊಸ ಆಲ್ಕಲೈನ್ ಸೆಲ್ ಮೂರು ಸೇರಿ 4.5 ವೋಲ್ಟ್. ರೀಚಾರ್ಜ್ ಸೆಲ್ ಒಂದೊಂದು 1.2 ವೋಲ್ಟ್ ಮಾತ್ರ, ಮೂರು ಸೇರಿ 3.6. ಬಿಳಿ ಎಲ್‌ಇಡಿಗೇ ಸುಮಾರು 3 ವೋಲ್ಟ್ ಬೇಕು, ಆದ್ದರಿಂದ ಅದು ಮಂಕಾಗುತ್ತದೆ.

ಬ್ಯಾಟರಿಗೆ ಮುಚ್ಚಳದ ಜೇಬು ಹೊಲಿಯಿರಿ, ಮೈ ಕಡೆಗೆ ಎರಡು ಪದರ ಬಟ್ಟೆ ಇರಲಿ. ಬೆವರು ತಾಗದಿರಲೆಂದು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಬೇಡಿ, ಬಿಸಿ ಹೊರಗೆ ಹೋಗಬೇಕು. ತೊಟ್ಟುಕೊಂಡೇ ಚಾರ್ಜಿಗೆ ಹಾಕುವುದಂತೂ ಕೂಡದು. ಕವಚವಿಲ್ಲದ ಬರಿಯ ಲಿಥಿಯಂ ಸೆಲ್ಲುಗಳು ಲ್ಯಾಮಿಂಗ್ಟನ್ ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ, ತೆಗೆದುಕೊಳ್ಳಬೇಡಿ. ಕಾರ್ಯಕ್ರಮಕ್ಕೆ ವಿಮಾನದಲ್ಲಿ ಹೋಗುವುದಿದ್ದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನೊಳಗೆ ಬಿಡುವುದಿಲ್ಲ. ಲಂಗವನ್ನು ಅದರಿಂದ ಕಳಚಲು ಬರದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಫೈಬರ್ ಬಟ್ಟೆ: ಕತ್ತರಿ ಕೆಳಗಿಡಿ

ಇದು ನೋಡಲು ಬಲು ಚಂದ. ಚುಕ್ಕೆಗಳಿಲ್ಲದೆ ಬಟ್ಟೆಯೇ ಮಂಜಿನಂತೆ ಬೆಳಗುತ್ತದೆ. ನೇಯ್ಗೆಯಲ್ಲಿ ಮಾಮೂಲಿ ನೂಲಿನ ಜೊತೆ ಅಕ್ರಿಲಿಕ್ ಪ್ಲಾಸ್ಟಿಕ್‌ನ ಸಣ್ಣ ಎಳೆಗಳು ಒಂದೇ ದಿಕ್ಕಿಗೆ ಓಡುತ್ತವೆ. ಒಂದು ಅಂಚಿನಲ್ಲಿ ಎಳೆಗಳೆಲ್ಲ ಜಡೆಯಂತೆ ಸೇರಿ ಒಂದು ಎಲ್‌ಇಡಿಗೆ ಹೋಗುತ್ತವೆ. ಎಳೆಯ ತಿರುಳಿಗಿಂತ ಹೊರಕವಚ ಬೆಳಕನ್ನು ಕಮ್ಮಿ ಬಾಗಿಸುತ್ತದೆ. ಅದರಿಂದ ಓರೆಯಾಗಿ ಬಂದ ಬೆಳಕು ಗೋಡೆಗೆ ಬಡಿದು ಒಳಕ್ಕೇ ಪುಟಿಯುತ್ತಾ ಸಾಗುತ್ತದೆ. ಇಂಟರ್ನೆಟ್ ಕೇಬಲ್ಲಿನಲ್ಲಿ ಬೆಳಕು ಸೋರಬಾರದು, ಇಲ್ಲಿ ಸೋರಲೆಂದೇ ಎಳೆಯ ಮೈಯನ್ನು ಗೀಚಿರುತ್ತಾರೆ. ಬಟ್ಟೆಯಲ್ಲಿ ಕರೆಂಟ್ ಇಲ್ಲ, ಇರುವುದು ಎಲ್‌ಇಡಿಯ ಪುಟ್ಟ ಡಬ್ಬಿಯಲ್ಲಿ ಮಾತ್ರ. ಅದು ನೆಮ್ಮದಿ.

ಕತ್ತರಿಸಲು ಮಾತ್ರ ನಮ್ಮ ಕೈ ಕಟ್ಟಿದಂತೆ. ಎಳೆಗೆ ಅಡ್ಡಲಾಗಿ ಕತ್ತರಿಸಿದರೆ ದೀಪದಿಂದ ಆಚೆಯ ತುಂಡು ಸತ್ತೇಹೋಗುತ್ತದೆ, ಉಳಿದ ತುಂಡಿನ ಕೊನೆಯಲ್ಲಿ ಸೂಜಿಮೊನೆಯಂಥ ಚುಕ್ಕೆಗಳು ಮೂಡುತ್ತವೆ. ಆ ಚುಕ್ಕೆ ಬೇಕೆಂದೇ ಕೆಳ ಅಂಚನ್ನು ಕತ್ತರಿಸಬಹುದು, ಅದೂ ಒಂದು ಚಂದವೇ. ಎಳೆಯ ಉದ್ದಕ್ಕೆ ಸೀಳಿದರೆ ತೊಂದರೆಯಿಲ್ಲ, ಆದರೆ ನಿಮ್ಮ ಸೀಳು ಒಂದು ಜಡೆಯ ಎಳೆಗಳನ್ನು ಎರಡು ಪಾಲು ಮಾಡಬಾರದು. ಆದ್ದರಿಂದ ಮೊದಲು ಅಳತೆ, ಆಮೇಲೆ ಆರ್ಡರ್. ಬಟ್ಟೆ ತಂದು ಆಮೇಲೆ ಕಲಿ (ಲಂಗದ ಓರೆ ಪಟ್ಟಿ) ಕತ್ತರಿಸೋಣ ಅನ್ನುವ ಹಾಗಿಲ್ಲ.

ಲಂಗಕ್ಕಾದರೆ ಎಳೆ ಸೊಂಟದಿಂದ ಪಾದಕ್ಕೆ ಇಳಿಯುವಂತೆ, ಜಡೆಗಳು ಸೊಂಟದಲ್ಲಿ ಬರುವಂತೆ ಇಡಿ. ಆಗ ನೆರಿಗೆ ಎಳೆಯ ಉದ್ದಕ್ಕೇ ಬೀಳುತ್ತದೆ. ಉದ್ದಕ್ಕೆ ಮಡಚಿದರೆ ಎಳೆಗೆ ಏನೂ ಆಗುವುದಿಲ್ಲ, ಅಡ್ಡಕ್ಕೆ ಮಡಚಿ ಒತ್ತಿದರೆ ಮುರಿಯುತ್ತದೆ. ಮುರಿದ ಜಾಗದಲ್ಲಿ ಬೆಳಕೆಲ್ಲ ಸೋರಿಹೋಗಿ ಕೆಳಗೆ ಕತ್ತಲು. ಅಂದರೆ ನಿಲ್ಲುವ, ಸುತ್ತುವ ಪಾತ್ರಕ್ಕೆ ಸರಿ. ಮಂಡಿಯೂರುವ ಪಾತ್ರಕ್ಕೆ, ನೆಲದಲ್ಲಿ ಕೂರುವ ಪಾತ್ರಕ್ಕೆ ಫೇರಿ ಲೈಟೇ ವಾಸಿ. ಸೀರೆಗೆ ಸೆರಗಿನ ತುದಿಯಲ್ಲಿ ಒಂದು ಮೊಳ ಹಾಕಿ, ನೆರಿಗೆಗೆ ಬೇಡ.

ಇಲ್ಲೂ ಬಟ್ಟೆಯನ್ನು ಬೇರೆ ಪದರವಾಗಿಯೇ ಇಡಿ. ಇದಕ್ಕೆ ಇಸ್ತ್ರಿ ಆಗುವುದಿಲ್ಲ. ಈ ಎಳೆಗಳು ತಾಳುವುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು. ಇಸ್ತ್ರಿಯ ಅತಿ ಕಡಿಮೆ ಬಿಸಿಯೂ ಅದಕ್ಕಿಂತ ಜಾಸ್ತಿ.

ಬಟ್ಟೆ ದುಬಾರಿ ಎನಿಸಿದರೆ 0.75 ಮಿ.ಮೀ. ದಪ್ಪದ ಬಿಡಿ ಎಳೆ ಕೊಂಡು ಕಿರೀಟಕ್ಕೋ ನವಿಲುಗರಿಗೋ ನೀವೇ ಮಾಡಬಹುದು. ಸಣ್ಣ ಮರಳಿನ ಪಾಲಿಶ್ ಪೇಪರನ್ನು ಬೆರಳ ನಡುವೆ ಹಿಡಿದು ಎಳೆಯನ್ನು ಅದರಲ್ಲಿ ಎಳೆಯಿರಿ. ದೀಪದ ಹತ್ತಿರ ಒಂದು ಸಲ, ದೂರದ ತುದಿಯಲ್ಲಿ ನಾಲ್ಕೈದು ಸಲ. ಹತ್ತಿರದಲ್ಲೇ ಜಾಸ್ತಿ ಗೀಚಿದರೆ ಬೆಳಕೆಲ್ಲ ಅಲ್ಲೇ ಖರ್ಚು. ಎಳೆಗಳನ್ನು ಕಟ್ಟಾಗಿ ಟೇಪಿನಲ್ಲಿ ಸುತ್ತಿ, ತುದಿಯನ್ನು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಅದೇ ಪೇಪರಿನಲ್ಲಿ ನುಣುಪು ಮಾಡಿ ಎಲ್‌ಇಡಿಗೆ ತಾಗುವಷ್ಟು ಹತ್ತಿರ ಇಡಿ. ಬಿಸಿ ಮಾಡಿ ಕುಗ್ಗಿಸುವ ಟ್ಯೂಬ್ ಬೇಡ, ಎಳೆಯೇ ಕರಗುತ್ತದೆ. ಒಂದು ವಾಟಿಗಿಂತ ದೊಡ್ಡ ಎಲ್‌ಇಡಿ ಬಿಸಿಯಾಗುತ್ತದೆ, ಅಲ್ಯೂಮಿನಿಯಂ ಬಿಲ್ಲೆಗೆ ಕೂರಿಸಿ ಮೈಯಿಂದ ದೂರವಿಡಿ.

ಬಣ್ಣ ಬದಲಿಸುವ ಆಸೆ ಇದ್ದರೆ

ಒಂದೊಂದು ದೀಪವನ್ನೂ ಬೇರೆ ಬಣ್ಣಕ್ಕೆ ಹೇಳಿ ಉರಿಸುವ ಡಬ್ಲ್ಯೂಎಸ್2812ಬಿ ಪಟ್ಟಿಗಳಿವೆ. ಕೊಳ್ಳುವ ಮೊದಲು ಲೆಕ್ಕ ಹಾಕಿ. ಪೂರ್ತಿ ಬಿಳಿಗೆ ಒಂದು ದೀಪ 60 ಮಿಲಿ ಆಂಪಿಯರ್ ಎಳೆಯುತ್ತದೆ. ಮೀಟರಿಗೆ 60 ದೀಪ ಇದ್ದರೆ 3.6 ಆಂಪಿಯರ್. ಎರಡು ಮೀಟರಿಗೆ 7.2. ಮಾಮೂಲಿ ಪವರ್ ಬ್ಯಾಂಕಿನ 5 ವೋಲ್ಟಿನಲ್ಲಿ ಸಿಗುವುದು ಎರಡು, ಎರಡೂವರೆ. ಹಾಗಾಗಿ ಹೊಳಪನ್ನು ಕಾಲು ಭಾಗಕ್ಕೆ ಇಳಿಸಿ. ಕತ್ತಲ ಹಾಲ್‌ನಲ್ಲಿ ಅಷ್ಟಿದ್ದರೂ ಜೋರಾಗಿಯೇ ಕಾಣುತ್ತದೆ. ಪಟ್ಟಿ ಬಾಗುತ್ತದೆ, ತಿರುಚಿದರೆ ಬೆಸುಗೆ ಬಿಡುತ್ತದೆ. ಸೊಂಟಪಟ್ಟಿಗೆ, ಭುಜಕೀರ್ತಿಗೆ ಸರಿ, ತೋಳಿಗೆ ಬೇಡ.

ಕರೆಂಟ್ ಹರಿಯುವ ಉಕ್ಕಿನ ನೂಲಿನಲ್ಲಿ ಎಲ್‌ಇಡಿಗಳನ್ನು ಕಸೂತಿಯಂತೆ ಹೊಲಿಯುವ ವಿಧಾನವೂ ಇದೆ. ಓದಲು ರೋಮಾಂಚನ, ಮುಂಬೈಯ ಬೆವರಿಗೆ ರಗಳೆ. ಉಪ್ಪುನೀರು ತಾಗಿದರೆ ಎರಡು ಸಾಲಿನ ನಡುವೆ ಕರೆಂಟ್ ಸೋರುತ್ತದೆ. ಹೊಲಿಯಲೇಬೇಕೆಂದರೆ ಒಂದು ಬ್ರೋಚ್ ಮಾಡಿ: ನಾಣ್ಯದಂಥ 3 ವೋಲ್ಟ್ ಸೆಲ್, ನಾಲ್ಕೈದು ಕೆಂಪು ಎಲ್‌ಇಡಿ, ಗಂಟಿನ ಮೇಲೆ ನೇಲ್ ಪಾಲಿಶ್. ಕೆಂಪಿನ ಜೊತೆ ನೀಲಿಯನ್ನು ಒಂದೇ ಸಾಲಿಗೆ ಸೇರಿಸಬೇಡಿ. ಕೆಂಪಿಗೆ ಸುಮಾರು 2 ವೋಲ್ಟೇ ಸಾಕು, ಇದ್ದ ಕರೆಂಟನ್ನೆಲ್ಲ ಅದೇ ನುಂಗುತ್ತದೆ.

ಕಾರ್ಯಕ್ರಮದ ದಿನ

ಲೈಟಿಂಗ್ ನೋಡಿಕೊಳ್ಳುವವರ ಹತ್ತಿರ ಮೊದಲೇ ಮಾತಾಡಿ. ವೇದಿಕೆಯ ದೊಡ್ಡ ದೀಪದ ಕೆಳಗೆ ನಿಮ್ಮ ಲಂಗ ಮಾಮೂಲಿ ಲಂಗವೇ. ಹಾಡಿನ ಯಾವ ಸಾಲಿಗೆ ಕತ್ತಲು, ಎಷ್ಟು ಹೊತ್ತು ಎಂದು ಚೀಟಿಯಲ್ಲಿ ಬರೆದು ಕೊಡಿ. ಪೂರ್ತಿ ಕತ್ತಲಾದರೆ ಮಗುವಿಗೆ ವೇದಿಕೆಯ ಅಂಚು ಕಾಣುವುದಿಲ್ಲ, ಹಿಂದಿನಿಂದ ಸ್ವಲ್ಪ ನೀಲಿ ಬೆಳಕು ಕೇಳಿ ಹಾಕಿಸಿ. ಸ್ವಿಚ್ ಕುಣಿಯುವವರ ಕೈಗೇ ಸಿಗಬೇಕು, ಕಣ್ಣು ಮುಚ್ಚಿ ಹುಡುಕಿಸಿ ಅಭ್ಯಾಸ ಮಾಡಿಸಿ.

ರಿಹರ್ಸಲ್‌ನಲ್ಲಿ ಮೊಬೈಲಿನಲ್ಲಿ ವೀಡಿಯೊ ತೆಗೆದು ನೋಡಿ. ಕೆಲವು ಎಲ್‌ಇಡಿಗಳು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿ ಹತ್ತುತ್ತಿರುತ್ತವೆ, ಕ್ಯಾಮೆರಾದಲ್ಲಿ ಮಾತ್ರ ಪಟ್ಟೆ ಪಟ್ಟೆಯಾಗಿ ಓಡುತ್ತವೆ. ಅಪ್ಪ ಅಮ್ಮಂದಿರು ನೋಡುವುದೇ ಮೊಬೈಲಿನಲ್ಲಿ, ಅಲ್ವಾ? ಫೋನಿನ ಪ್ರೊ ಮೋಡಿನಲ್ಲಿ ಶಟರ್ ವೇಗ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಗ್ರೀನ್ ರೂಮಿಗೆ ಒಯ್ಯುವ ಡಬ್ಬಿಯಲ್ಲಿ ಇನ್ನೊಂದು ಫೇರಿ ಲೈಟ್, ಇನ್ನೊಂದು ಪವರ್ ಬ್ಯಾಂಕ್, ಟೇಪ್, ಸೇಫ್ಟಿ ಪಿನ್ ಇರಲಿ. ಪಿನ್ನು ವೈರಿನ ಮೇಲೆ ಹಾಕುವವರು ಯಾರೋ ಒಬ್ಬರು ಇದ್ದೇ ಇರುತ್ತಾರೆ, ಕಣ್ಣಿಟ್ಟಿರಿ.

ಮುಗಿದ ಮೇಲೆ ಮೊದಲು ಬ್ಯಾಟರಿ ತೆಗೆಯಿರಿ. ಒಳಲಂಗ ಬಕೆಟ್ಟಿಗೆ, ಮೇಲಿನ ಲಂಗ ಡ್ರೈ ಕ್ಲೀನಿಗೆ. ದೀಪದ ಲಂಗವನ್ನು ಫ್ಯಾನಿನ ಕೆಳಗೆ ಒಂದು ರಾತ್ರಿ ಹರಡಿ. ಸೊಂಟದ ಹತ್ತಿರ ಬೆವರಿನ ಉಪ್ಪು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಇಲ್ಲವಾದರೆ ತಾಮ್ರ ಹಸಿರಾಗುತ್ತದೆ. ಮಳೆಗಾಲದಲ್ಲಿ ಎತ್ತಿಡುವಾಗ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ. ಎಎ ಸೆಲ್ಲುಗಳನ್ನು ಡಬ್ಬಿಯಲ್ಲೇ ಬಿಟ್ಟರೆ ಸೋರುತ್ತವೆ. ಫೈಬರ್ ಬಟ್ಟೆಯನ್ನು ಮಡಚಿ ಕಪಾಟಿಗೆ ತುರುಕಬೇಡಿ. ಬಟ್ಟೆ ಅಂಗಡಿಯವರು ಥಾನ್ ಮುಗಿದ ಮೇಲೆ ಎಸೆಯುವ ರಟ್ಟಿನ ಕೊಳವೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಜಡೆಗಳು ಹೊರಗೆ ಬರುವಂತೆ ಅದಕ್ಕೆ ಸುತ್ತಿ, ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ, ಮಂಚದ ಕೆಳಗೆ ಮಲಗಿಸಿಡಿ.